ಕೊಟ್ಟಿಗೆ ಬಾಗಿಲ ಮೇಲಿನ ಹತ್ತು ಗೆರೆ

ಮಳೆ ಹಿಂದೆ ಸರಿದು ಚಳಿ ಕಾಲಿಡುವ ದಿನಗಳು. ಬೆಳಗಿನ ಐದಕ್ಕೆ ಹುಲ್ಲಿನ ಮೆದೆಯ ಮೇಲೆ ಮಂಜು ಹೊಗೆಯಂತೆ ಕೂತಿರುತ್ತಿತ್ತು. ಕೊಟ್ಟಿಗೆಯೊಳಗೆ ಮಾತ್ರ ಐದು ಹಸುಗಳ ಮೈಯ ಬಿಸಿ. ಸೊಸೆ ಸಗಣಿ ಬಾಚಿ ಮೂಲೆಗೆ ಒತ್ತಿ, ನೆಲಕ್ಕೆ ನೀರು ಹೊಡೆದು, ಬಿಸಿನೀರಲ್ಲಿ ಬಟ್ಟೆ ಅದ್ದಿ ಮೊದಲ ಹಸುವಿನ ಕೆಚ್ಚಲು ಒರೆಸಿದಳು. ಆಮೇಲೆ ಮೊಳೆಯಲ್ಲಿ ತೂಗುತ್ತಿದ್ದ ಕರಿಬಟ್ಟೆಯನ್ನು ಚೊಂಬಿನ ಬಾಯಿಗೆ ಬಿಗಿದು, ನಾಲ್ಕು ಮೊಲೆಯಿಂದಲೂ ಮೊದಲ ಒಂದೆರಡು ಧಾರೆಯನ್ನು ಅದರ ಮೇಲೆ ಹಿಂಡಿ, ಬಲ್ಬಿನ ಬೆಳಕಿಗೆ ಹಿಡಿದು ನೋಡಿದಳು. ಹಾಲು ಬಟ್ಟೆಯಲ್ಲಿ ಇಂಗಿ ಇಳಿಯಿತು, ಏನೂ ಉಳಿಯಲಿಲ್ಲ. ಬಟ್ಟೆಯ ಮೇಲೆ ಹೆಪ್ಪುಗಟ್ಟಿದ ಹಾಲಿನ ಒಂದೇ ಒಂದು ಬಿಳಿ ಗರಣೆ ನಿಂತರೂ ಆ ಹಸುವಿಗೆ ಕೆಚ್ಚಲು ಬಾವು ಶುರುವಾಗಿದೆ ಎಂದು ಅರ್ಥ, ಅದರ ಹಾಲು ಕ್ಯಾನಿಗೆ ಬೀಳಬಾರದು. ಈ ಮನೆಗೆ ಬಂದ ಮೊದಲ ವಾರವೇ ಅತ್ತೆ ಕಲಿಸಿದ ಪಾಠ ಅದು. ಅಡುಗೆ ಕಲಿಸಿದ್ದು ಆಮೇಲೆ.

ಗೋಡೆಯಾಚೆ ಹಿಂಡಿ ಬೂಸಾ ಇಡುವ ಕೋಣೆ. ಈಗ ಅಲ್ಲಿ ಹಿಂಡಿಯೂ ಇಲ್ಲ, ಬೂಸಾವೂ ಇಲ್ಲ. ಮನೆಯ ಯಜಮಾನ, ಅವಳ ಗಂಡ, ಅದನ್ನು ಗುಡಿಸಿ, ಸುಣ್ಣ ಬಳಿದು, ಒಂದು ಚಾಪೆ, ಒಂದು ದಿಂಬು, ಒಂದು ಅಲಾರಂ ಗಡಿಯಾರ ಇಟ್ಟುಕೊಂಡಿದ್ದ. ಐದರಿಂದ ಆರೂವರೆಯವರೆಗೆ ಅಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದ. ಎದ್ದ ಮೇಲೂ ಮಧ್ಯಾಹ್ನ ಹನ್ನೆರಡರವರೆಗೆ ಮಾತಿಲ್ಲ, ಮೌನ. ಅಲ್ಲಿದ್ದ ಮೂಟೆಗಳೆಲ್ಲ ಅಡುಗೆಮನೆಗೆ ಬಂದಿದ್ದವು. ಅಕ್ಕಿ ಡಬ್ಬಿಗೆ ಕೈ ಹಾಕಬೇಕಾದರೆ ಸೊಸೆ ದಿನಾ ಒಂದು ಮೂಟೆ ಆಚೆ ಎಳೆದಿಡಬೇಕಾಗಿತ್ತು.

ಅತ್ತೆ ಕೋಲೂರಿಕೊಂಡು ಕೊಟ್ಟಿಗೆ ಬಾಗಿಲಿಗೆ ಬಂದು ನಿಂತಳು.

"ಇನ್ನೂ ಏಳಲಿಲ್ವಾ ಅವನು?"

"ಎದ್ದಿದಾರೆ ಅತ್ತೆ. ಕೂತಿದಾರೆ."

"ಕೂರೋಕೆ ಅಂತ ಯಾಕೆ ಏಳ್ಬೇಕಿತ್ತು? ಮಲಗಿದ್ರೆ ಚಾಪೆನಾದ್ರೂ ಉಳೀತಿತ್ತು."

ಸೊಸೆ ನಗಲಿಲ್ಲ. ಅವಳಿಗೆ ಇನ್ನೂ ನಾಲ್ಕು ಹಸು ಬಾಕಿ ಇದ್ದವು. ಮೊದಲು ಮೂರು ಅವನದು, ಎರಡು ಇವಳದು ಎಂದಿತ್ತು. ಈಗ ಐದೂ ಇವಳದೇ. ಹಾಲಿನ ಡೈರಿ ಬಾಗಿಲು ಹಾಕುವುದು ಏಳೂಕಾಲಿಗೆ.

ಒಂದು ಕಾಲಕ್ಕೆ ಯಜಮಾನನ ಸಿಟ್ಟು ಇಡೀ ಬೀದಿಗೆ ಗೊತ್ತಿತ್ತು. ಉಪ್ಪು ಹೆಚ್ಚಾದರೆ ತಟ್ಟೆ ಗೋಡೆಗೆ ಹೋಗುತ್ತಿತ್ತು. ಹಸು ಒದ್ದರೆ ಸ್ಟೂಲು ಹಸುವಿನ ಬೆನ್ನಿಗೆ. ಹೆಂಡತಿಯ ಮೇಲೆ ಅವನು ಕೈ ಎತ್ತಿದ್ದು ಎರಡೇ ಸಲ. ಎತ್ತಬಹುದು ಎಂದು ಅವಳು ಕಾದಿದ್ದು ಇಪ್ಪತ್ತೆರಡು ವರ್ಷ. ಕಳೆದ ಬೇಸಿಗೆಯಲ್ಲಿ ಡೈರಿಯ ಸಾಲಿನಲ್ಲೇ ಅವನು ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆ ಮಾಡಿ, ಹೃದಯ ಗಟ್ಟಿಯಾಗಿದೆ, ಮನಸ್ಸಿಗೆ ಮಾತ್ರ ಬಿಡುವು ಬೇಕು ಎಂದರು. ಪೇಟೆಯಲ್ಲಿ ಒಬ್ಬ ದರ್ಜಿ ತನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಸಂಜೆ ಹೊತ್ತು ಯೋಗ ಹೇಳಿಕೊಡುತ್ತಿದ್ದ, ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಎಲ್ಲರೂ ಅವನನ್ನು ದರ್ಜಿ ಮೇಷ್ಟ್ರು ಎನ್ನುತ್ತಿದ್ದರು. ಎರಡು ತಿಂಗಳು ಅವರ ಹತ್ತಿರ ಹೋದ ಯಜಮಾನ, ಆಮೇಲೆ ಅವರೇ ಹೇಳಿದ ಹತ್ತು ದಿನದ ಧ್ಯಾನ ಶಿಬಿರಕ್ಕೆ ಹೊರಟ.

ಹೊರಟ ದಿನ ಬಸ್ ನಿಲ್ದಾಣದಲ್ಲಿ ಹೆಂಡತಿಯ ಮುಖ ನೋಡಿ ಅವನು ತಾನಾಗಿಯೇ ಹೇಳಿದ್ದ: "ನಾನು ಬಂದ್ಮೇಲೆ ನೀನೂ ಹೋಗಿ ಬಾ. ಹತ್ತು ದಿನ ಹಸು ನಾನು ನೋಡ್ಕೋತೀನಿ."

ಅಷ್ಟು ಮೆತ್ತಗೆ ಅವನು ಮಾತಾಡಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಮಾತು ನೆನಪಿನಲ್ಲಿ ಉಳಿಯಿತು. ಕೊಟ್ಟಿಗೆಯ ಬಾಗಿಲ ಒಳಮೈಯಲ್ಲಿ ಹಸುಗಳ ದಿನಾಂಕಗಳನ್ನು ಸೀಮೆಸುಣ್ಣದಲ್ಲಿ ಬರೆದಿಡುವುದು ಆ ಮನೆಯ ರೂಢಿ. ಯಾವ ಹಸುವಿಗೆ ಎಂದು ಗಬ್ಬದ ಇಂಜೆಕ್ಷನ್ ಕೊಡಿಸಿದ್ದು, ಎಂದು ಹಾಲು ಬತ್ತಿಸಬೇಕು, ಎಂದು ಕರು ಹಾಕಬಹುದು. ಅದರ ಕೆಳಗೆ ಅವಳು, ಅವನಿಲ್ಲದ ಒಂದೊಂದು ದಿನಕ್ಕೂ ಒಂದೊಂದು ಗೆರೆ ಎಳೆದಳು. ಹತ್ತು ಗೆರೆ. ಹನ್ನೊಂದನೆಯ ದಿನ ಅವನು ಬಂದ. ಬಂದವನೇ ತಾಯಿಯ ಕಾಲ ಹತ್ತಿರ ಕೂತು, "ಅಮ್ಮಾ, ನಾನು ಇಷ್ಟು ವರ್ಷ ಉಸಿರೇ ಆಡಿರ್ಲಿಲ್ಲ ಅನ್ಸುತ್ತೆ" ಎಂದು ಅತ್ತ. ಅದನ್ನು ನೋಡಿ ಅತ್ತೆಯೂ ಅತ್ತಳು, ಸೊಸೆಯೂ ಅತ್ತಳು. ಅದು ಸುಳ್ಳಲ್ಲ. ಅಂದಿನಿಂದ ಅವನು ತಟ್ಟೆ ಎಸೆದದ್ದಿಲ್ಲ.

ಬಂದು ಒಂದು ತಿಂಗಳಾಗಿತ್ತು. ಹತ್ತು ಗೆರೆಗಳು ಹಾಗೇ ಇದ್ದವು.

*

ವಾರದ ರಜೆಯ ದಿನ ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತರು. ಮಗಳು ಪೇಟೆಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಬೆಳಿಗ್ಗೆ ಆರರ ಬಸ್ಸಿಗೆ ಹೋದರೆ ಸಂಜೆ ನಾಲ್ಕಕ್ಕೆ ಬರುವವಳು. ಆವತ್ತು ಮನೆಯಲ್ಲಿದ್ದಳು. ಯಜಮಾನ ಒಂದು ತುತ್ತು ಅನ್ನ ಬಾಯಿಗಿಟ್ಟು ಕಣ್ಣು ಮುಚ್ಚಿ ಅಗಿಯುತ್ತಿದ್ದ. ಉಳಿದ ಮೂವರದು ಮುಗಿಯುತ್ತ ಬಂದಿತ್ತು.

ಅತ್ತೆ ಬೆರಳಲ್ಲಿ ಎಣಿಸುತ್ತಿದ್ದಳು. "ಇಪ್ಪತ್ತೆಂಟು... ಇಪ್ಪತ್ತೊಂಬತ್ತು... ನುಂಗಪ್ಪಾ ಸಾಕು, ಅದೇನು ಕಲ್ಲಾ?"

ಅವನು ಮುಗುಳ್ನಕ್ಕ.

"ಮೊದಲು ತಟ್ಟೆ ಎಸೀತಿದ್ದ, ಈಗ ತಟ್ಟೆ ನೋಡ್ತಾ ಕೂತಿರ್ತಾನೆ," ಎಂದಳು ಅತ್ತೆ. "ಎರಡರಲ್ಲೂ ತೊಳೆಯೋಳು ಇವಳೇ."

"ಅಜ್ಜೀ, ತಮಾಷೆ ಸಾಕು," ಎಂದು ಮಗಳು ತಟ್ಟೆ ಪಕ್ಕಕ್ಕೆ ಸರಿಸಿದಳು. "ಅಪ್ಪ, ನಿಂಗೊಂದು ವಿಷಯ ಹೇಳ್ಬೇಕು. ಮೊನ್ನೆ ಅಮ್ಮ ಡೈರಿಯಿಂದ ಬರ್ತಾ ಮೋರಿ ಕಟ್ಟೆ ಮೇಲೆ ಕೂತುಬಿಟ್ಟಿದ್ಲಂತೆ. ಮನೆಗೆ ಯಾವ ಕಡೆ ಹೋಗ್ಬೇಕು ಅಂತ ಗೊತ್ತಾಗ್ಲಿಲ್ವಂತೆ. ಇಪ್ಪತ್ತೆರಡು ವರ್ಷ ನಡೆದಿರೋ ದಾರಿ."

"ಏನೋ ಒಂದು ಗಳಿಗೆ ಮಂಕಾಯ್ತು," ಎಂದಳು ಸೊಸೆ. "ಅದನ್ನೇನು ದೊಡ್ಡದು ಮಾಡ್ತೀಯ?"

"ಒಂದು ಗಳಿಗೆ ಅಲ್ಲ, ಅರ್ಧ ಗಂಟೆ. ಹುಲ್ಲಿನ ಗಾಡಿಯವನು ಕರ್ಕೊಂಡು ಬಂದು ಬಿಟ್ಟ. ಕೈ ನೋಡು ಅವಳದು. ಲೋಟ ಹಿಡಿದ್ರೆ ನೀರು ಅಲ್ಲಾಡುತ್ತೆ."

ಯಜಮಾನ ಕಣ್ಣು ತೆರೆದು ಹೆಂಡತಿಯ ಕೈ ನೋಡಿದ. "ಮನಸ್ಸಿಗೆ ವಿಶ್ರಾಂತಿ ಇಲ್ಲ. ಅದಕ್ಕೇ ನಾನು ಹೇಳ್ತಿರೋದು, ದಿನಾ ಬೆಳಿಗ್ಗೆ ನನ್ನ ಜೊತೆ ಒಂದು ಗಂಟೆ ಕೂತ್ಕೋ ಅಂತ."

"ಐದು ಗಂಟೆಗೆ ನಾನೂ ಕೂತ್ರೆ ಹಸು ಹತ್ರ ಯಾರು ಕೂರ್ತಾರೆ?"

"ನೋಡು, ಕೆಲಸ ಅನ್ನೋದು ಯಾವತ್ತೂ ಮುಗಿಯಲ್ಲ..."

"ಮುಗಿಯಲ್ಲ ಅಪ್ಪ, ಯಾಕಂದ್ರೆ ನೀನು ಮಾಡ್ತಿಲ್ಲ," ಎಂದಳು ಮಗಳು. "ಬಸ್ ನಿಲ್ದಾಣದಲ್ಲಿ ಏನಂದಿದ್ದೆ? ಅಮ್ಮನ ಹತ್ತು ದಿನ ಎಲ್ಲಿ?"

ಅವನು ಸಿಟ್ಟಾಗಲಿಲ್ಲ. ಮೂಗಿನಿಂದ ಉದ್ದಕ್ಕೆ ಉಸಿರು ಬಿಟ್ಟ. ಸಿಟ್ಟಾಗಿದ್ದರೆ ಜಗಳವಾಗಿ ಒಂದು ಕಡೆ ಮುಗಿಯುತ್ತಿತ್ತು ಎಂದು ಆ ಮೂವರಿಗೂ ಅನ್ನಿಸಿತು.

"ಹೋಗಲಿ. ನಾನೇನು ಬೇಡ ಅಂದಿಲ್ಲ. ನಾಳೆಯಿಂದ ಎರಡು ಹಸು ನಾನು ಕರೀತೀನಿ. ಅಭ್ಯಾಸ ಆಗ್ಲಿ. ಆಮೇಲೆ ಅವಳು ಹೋಗ್ಲಿ."

"ಐದಕ್ಕೆ?"

"ಕೂತು ಎದ್ದ ಮೇಲೆ. ಆರೂವರೆಗೆ."

ಅತ್ತೆ ತಲೆ ಎತ್ತಿದಳು. "ಮೊಂಡಿ ಆರೂವರೆವರೆಗೆ ಕಾಯ್ತಾಳೇನೋ? ಅವಳೇನು ನಿನ್ನ ಶಿಬಿರಕ್ಕೆ ಬಂದಿದ್ಲಾ?"

ಮೊಂಡಿ ಎಂದರೆ ಐದರಲ್ಲಿ ಹೆಚ್ಚು ಹಾಲು ಕೊಡುವ ಹಸು, ಹೆಸರಿಗೆ ತಕ್ಕಂತೆ ಹಠಮಾರಿ. ಹೊತ್ತು ತಪ್ಪಿದರೆ ಹಾಲು ಇಳಿಸುತ್ತಿರಲಿಲ್ಲ. ಆದರೂ ಅವನು ಮೊಂಡಿಯನ್ನೇ ಆರಿಸಿಕೊಂಡ. ಮೊದಲಿನಿಂದಲೂ ಅವಳು ಅವನ ಕೈಯ ಹಸು.

*

ಹತ್ತು ಹನ್ನೆರಡು ದಿನ ಹಾಗೇ ನಡೆಯಿತು. ಸೊಸೆ ಮೂರು ಹಸು ಕರೆದು ಕ್ಯಾನಿಗೆ ಹುಯ್ದು, ಅವನು ಬಂದು ಉಳಿದೆರಡನ್ನು ಕರೆಯುವವರೆಗೆ ಚಹಾ ಕಾಯಿಸಿ, ಅಷ್ಟರಲ್ಲಿ ಏಳಾಗಿ, ಕ್ಯಾನನ್ನು ತಳ್ಳುಗಾಡಿಗೆ ಹಾಕಿಕೊಂಡು ಓಡುತ್ತಿದ್ದಳು. ಮೊಂಡಿ ಐದೂವರೆಯಿಂದ ಕೂಗಲು ಶುರು ಮಾಡುತ್ತಿತ್ತು. ಕೆಚ್ಚಲು ಬಿಗಿದು ಮೊಲೆಯಿಂದ ಹಾಲು ತೊಟ್ಟಿಕ್ಕುತ್ತಿತ್ತು. ನಾನೇ ಕರೆದುಬಿಡಲೇ ಎಂದು ಸೊಸೆ ಒಂದು ದಿನ ಕೂತೂಬಿಟ್ಟಳು. ಆರೂವರೆಗೆ ಬಂದವನು ಅವಳ ಹೆಗಲ ಮೇಲೆ ಮೆಲ್ಲಗೆ ಕೈಯಿಟ್ಟು ಎಬ್ಬಿಸಿದ. ಮಾತಿಲ್ಲ. ಮೌನ.

ಒಂದು ಬೆಳಿಗ್ಗೆ ಚಹಾ ಉಕ್ಕಿ ಒಲೆ ಕೆಟ್ಟಿತು. ಒರೆಸಿ ಹೊರಗೆ ಬರುವಷ್ಟರಲ್ಲಿ ಏಳು ದಾಟಿತ್ತು. ಕ್ಯಾನಿನ ಪಕ್ಕ ಮೊಂಡಿಯ ಬಕೆಟ್ಟು ತುಂಬಿ ನಿಂತಿತ್ತು. ಅವಳು ಅವಸರದಲ್ಲಿ ಅದನ್ನೆತ್ತಿ ಕ್ಯಾನಿಗೆ ಸುರಿದು, ಮುಚ್ಚಳ ಬಡಿದು, ಗಾಡಿ ತಳ್ಳಿದಳು. ಯಜಮಾನ ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದ.

ಡೈರಿಯ ಕಾರ್ಯದರ್ಶಿ ಗಾಜಿನ ನಳಿಗೆಯಲ್ಲಿ ಹಾಲು ತೆಗೆದುಕೊಂಡು, ಅದಕ್ಕೆ ಸ್ಪಿರಿಟ್ಟು ಬಿಟ್ಟು ಅಲ್ಲಾಡಿಸಿದ. ಹಾಲು ಒಡೆದು ಗಾಜಿಗೆ ಚೂರು ಚೂರಾಗಿ ಅಂಟಿತು. ಇನ್ನೊಂದು ಸಲ ಮಾಡಿದ. ಹಾಗೇ ಆಯಿತು.

"ಏನಮ್ಮಾ ಇದು? ನಿಮ್ಮ ಮನೆ ಕ್ಯಾನು ಇಷ್ಟು ವರ್ಷದಲ್ಲಿ ಒಂದು ಸಲ ವಾಪಸ್ ಕಳಿಸಿಲ್ಲ ನಾನು. ದೊಡ್ಡ ಟ್ಯಾಂಕಿಗೆ ಹುಯ್ದಿದ್ರೆ ಎಲ್ಲರ ಹಾಲೂ ಕೆಟ್ಟೋಗ್ತಿತ್ತು."

"ಕರಿಬಟ್ಟೇಲಿ ನೋಡೇ ಕರೆಯೋದು..." ಎಂದಳು ಅವಳು.

ಸಾಲಿನಲ್ಲಿದ್ದ ಒಬ್ಬ ನಕ್ಕ. "ಯಜಮಾನ್ರು ಧ್ಯಾನಕ್ಕೆ ಕೂತಿದಾರಲ್ಲ, ಹಾಲೂ ಜೊತೆಗೆ ಕೂತು ಮೊಸರಾಗಿರ್ಬೇಕು ಬಿಡಿ."

ಕಾರ್ಯದರ್ಶಿ ನಗಲಿಲ್ಲ. "ಒಂದು ವಾರ ನಿಮ್ಮ ಹಾಲು ತರ್ಬೇಡಿ. ಡಾಕ್ಟರಿಗೆ ತೋರಿಸಿ ಚೀಟಿ ತನ್ನಿ."

ತುಂಬಿದ ಕ್ಯಾನು ಹಿಂದಕ್ಕೆ ತಳ್ಳುವಾಗ ಗಾಡಿ ಮೋರಿಯ ಹತ್ತಿರ ಒಂದು ಕಡೆ ವಾಲಿತು. ಅವಳು ನಿಂತಳು, ಕೂರಲಿಲ್ಲ. ಮನೆಗೆ ಬಂದು ಮೊಂಡಿಯ ಕೆಚ್ಚಲು ಮುಟ್ಟಿ ನೋಡಿದಳು. ಹಿಂದಿನ ಎಡ ಮೊಲೆ ಕಲ್ಲಾಗಿತ್ತು, ಬಿಸಿಯಾಗಿತ್ತು. ಮೊಳೆಯ ಮೇಲಿನ ಕರಿಬಟ್ಟೆಯಲ್ಲಿ ಬಿಳಿ ಗರಣೆಗಳು ಒಣಗಿ ಅಂಟಿದ್ದವು.

"ಇದನ್ನ ನೋಡಿದ್ರಾ?" ಎಂದು ಬಟ್ಟೆಯನ್ನು ಅವನ ಮುಂದೆ ಹಿಡಿದಳು.

ಅವನು ಗೋಡೆಯ ಗಡಿಯಾರದ ಕಡೆ ಬೆರಳು ತೋರಿಸಿದ. ಎಂಟೂವರೆ.

ಅವಳು ಪಶುವೈದ್ಯನಿಗೆ ಹೇಳಿ ಕಳಿಸಿದಳು. ಆತ ಬಂದು ಸೂಜಿ ಚುಚ್ಚಿ, ಮೊಲೆಗೆ ಔಷಧಿ ಏರಿಸಿ, ಕೈ ತೊಳೆದುಕೊಳ್ಳುತ್ತ ಕೇಳಿದ: "ಕರೆಯೋದು ತಡ ಆಗ್ತಿದ್ಯಾ? ಹಾಲು ಕಟ್ಕೊಂಡೇ ಹೀಗಾಗಿರೋದು. ಈ ಮೊಲೆ ಉಳಿಯೋದು ಕಷ್ಟ, ಇನ್ನು ಮೂರೇ ಅಂದ್ಕೊಳ್ಳಿ." ಯಜಮಾನ ಹಗ್ಗ ಹಿಡಿದು ನಿಂತಿದ್ದ. ವೈದ್ಯ ಮಾತಾಡಿದ್ದು ಅವನ ಜೊತೆ, ಉತ್ತರ ಕೊಟ್ಟಿದ್ದು ಇವಳು. ಅನ್ನಕ್ಕಿಟ್ಟಳು. ಬಟ್ಟೆ ಒಗೆದಳು. ಕ್ಯಾನಿನ ಹಾಲನ್ನು ಗೊಬ್ಬರದ ಗುಂಡಿಗೆ ಚೆಲ್ಲಿದಳು. ಗಡಿಯಾರ ಹನ್ನೆರಡು ಹೊಡೆಯಿತು.

"ಬೆಳಿಗ್ಗೆ ಕರಿಬಟ್ಟೆ ನೋಡಿದ್ರಾ?"

"ನೋಡ್ದೆ."

"ಗರಣೆ ಇತ್ತಾ?"

"ಇತ್ತು. ಅದಕ್ಕೇ ಕ್ಯಾನಿಗೆ ಹುಯ್ಯದೆ ಬಕೆಟ್ಟು ಪಕ್ಕಕ್ಕಿಟ್ಟೆ. ಹನ್ನೆರಡರ ಮೇಲೆ ಹೇಳೋಣ ಅಂತ."

"ನಾನು ಅದನ್ನ ಹುಯ್ಯೋದು ಕಾಣ್ಲಿಲ್ವಾ?"

"ಕಾಣಿಸ್ತು." ಅವನ ಮುಖದಲ್ಲಿ ಒಂದು ಬೆಳಕು ಬಂತು. "ಕೇಳಿಲ್ಲಿ. ನೀನು ಬಕೆಟ್ಟು ಎತ್ತಿದ ತಕ್ಷಣ ನನ್ನೊಳಗೆ ಗಾಬರಿ ಎದ್ದಿತು. ಎದೆ ಹೊಡ್ಕೊಂಡ್ತು. ನಾನು ಅದನ್ನೇ ನೋಡ್ತಾ ನಿಂತೆ. ಎಷ್ಟು ಬೇಗ ಇಳೀತು ಗೊತ್ತಾ? ಮೊದಲಾಗಿದ್ರೆ ಬಕೆಟ್ಟನ್ನೇ ಒದ್ದುಬಿಡ್ತಿದ್ದೆ."

ಬಹುಮಾನ ತಂದ ಮಗುವಿನ ಹಾಗೆ ಹೇಳಿದ. ಅತ್ತೆ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಗಾಬರಿ ಇಳೀತು. ಹಾಲು?"

"ಒದ್ದುಬಿಟ್ಟಿದ್ರೆ ಚೆನ್ನಾಗಿತ್ತು ರೀ," ಎಂದಳು ಸೊಸೆ. "ಒದ್ದಿದ್ರೆ ಒಂದು ಬಕೆಟ್ಟು ಹೋಗ್ತಿತ್ತು. ಕ್ಯಾನ್ ಪೂರ್ತಿ ಹೋಗ್ತಿರ್ಲಿಲ್ಲ. ಕೈ ಅಡ್ಡ ಹಿಡಿಯೋಕೂ ಮೌನ ಬಿಡ್ಬೇಕಾ? ನಾಳೆಯಿಂದ ಬೇಡ. ಐದಕ್ಕೆ ಕೂರೋದು ಬೇಡ. ನಾಲ್ಕಕ್ಕೆ ಕೂತ್ಕೊಳ್ಳಿ, ಇಲ್ಲ ಎಂಟಕ್ಕೆ ಕೂತ್ಕೊಳ್ಳಿ."

ಅವನು ಅಷ್ಟೇ ಮೆತ್ತಗೆ ಹೇಳಿದ:

"ಒಂದು ದಿನ ತಪ್ಪಿಸಿದ್ರೂ ಆ ಹಳೇ ಮನುಷ್ಯ ವಾಪಸ್ ಬರ್ತಾನೆ. ಅದು ನನಗೆ ಗೊತ್ತು. ಅವನು ಬೇಕಾ ನಿಂಗೆ? ಬೇಕು ಅಂದ್ರೆ ಹೇಳು, ಈಗ್ಲೇ ಬಿಡ್ತೀನಿ."

ಸೊಸೆ ಬೂಸಾದ ಮೂಟೆ ಎಳೆದು ಅಕ್ಕಿ ಡಬ್ಬಿ ಮುಚ್ಚಿದಳು.

*

ಡೈರಿ ಇಲ್ಲದ ಆ ವಾರದಲ್ಲಿ ಒಂದು ಸಂಜೆ ಅವಳು ಮಗಳ ಜೊತೆ ದರ್ಜಿ ಮೇಷ್ಟ್ರ ಅಂಗಡಿಗೆ ಹೋದಳು. ಮೇಷ್ಟ್ರು ಒಂದು ಕೋಟಿನ ಅಸ್ತರು ಬಿಚ್ಚುತ್ತಿದ್ದರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅವಳು ಹೇಳಿದ್ದನ್ನೆಲ್ಲ ಕತ್ತರಿ ಆಡಿಸುತ್ತಲೇ ಕೇಳಿದರು. ಬಕೆಟ್ಟಿನ ವಿಷಯ ಬಂದಾಗ ಕತ್ತರಿ ನಿಂತಿತು.

"ನಾನು ಹಾಗೆ ಹೇಳಿಕೊಟ್ಟಿಲ್ಲ ತಾಯಿ."

"ನೀವೇ ಹೇಳಿದ್ದು ಅಂತಾರೆ. ಎಲ್ಲಾನೂ ಸುಮ್ನೆ ನೋಡ್ಬೇಕು, ಅಂಟ್ಕೋಬಾರ್ದು ಅಂತ."

"ಹೇಳಿದೀನಿ. ಅದಕ್ಕೆ ಮೊದಲು ಬೇರೆಯದೂ ಹೇಳಿದೀನಿ. ಯೋಗಕ್ಕೆ ಎಂಟು ಮೆಟ್ಟಿಲು. ಮೊದಲನೇ ಮೆಟ್ಟಿಲಲ್ಲೇ ಅಹಿಂಸೆ ಇದೆ, ಪಕ್ಕದಲ್ಲಿರೋರಿಗೆ ನೋವು ಕೊಡಬೇಡ ಅಂತ. ಧ್ಯಾನ ಏಳನೇದು. ಕೆಳಗಿಂದ ಹತ್ಕೊಂಡು ಬರೋದಕ್ಕೆ ಯಾರಿಗೂ ಪುರುಸೊತ್ತಿಲ್ಲ. ಎಲ್ಲರಿಗೂ ನೇರ ಮಹಡಿಗೆ ಏಣಿ ಬೇಕು." ಅಸ್ತರನ್ನು ಝಾಡಿಸಿದರು. "ಮೌನ ಅಂದ್ರೆ ಬೇಡದ ಮಾತು ಬಿಡೋದು. ಹಸುಗೆ ಹುಷಾರಿಲ್ಲ ಅನ್ನೋದು ಬೇಡದ ಮಾತಾ?"

"ಹಾಗಾದ್ರೆ ನೀವೇ ಅವರಿಗೆ ಹೇಳಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಈಗ ಅವರು ಇಲ್ಲಿಗೆ ಬರಲ್ಲ. ಹೋದ ವಾರ ಬಂದು, ಮೇಷ್ಟ್ರೇ ನಿಮಗೆ ಇನ್ನೂ ಬಟ್ಟೆ ಮೇಲೆ ಮೋಹ ಹೋಗಿಲ್ಲ ಅಂತ ನನಗೇ ಬುದ್ಧಿ ಹೇಳಿ ಹೋದ್ರು."

ಮಗಳು ಫಕ್ಕನೆ ನಕ್ಕಳು. ಸೊಸೆಗೂ ನಗು ಬಂತು. ಎಷ್ಟೋ ವಾರಗಳ ಮೇಲೆ ಬಂದ ನಗು, ಕೊನೆಗೆ ಕಣ್ಣೀರಾಗಿ ನಿಲ್ಲದೆ ಹರಿಯಿತು. ಮೇಷ್ಟ್ರು ಹೊಲಿದು ಉಳಿದ ಒಂದು ಬಟ್ಟೆ ಚೂರು ಕೊಟ್ಟು ಮುಖ ಒರೆಸಿಕೊಳ್ಳಲು ಹೇಳಿ, ಶಿಬಿರದ ಅರ್ಜಿಯನ್ನು ಮಗಳ ಮುಂದಿಟ್ಟರು.

"ನಿದ್ದೆ ಬರುತ್ತಾ ಅಂತ ಕೇಳಿದಾರೆ," ಎಂದು ಮಗಳು ಓದಿದಳು.

"ಬರುತ್ತೆ ಅಂತ ಬರಿ. ಇಲ್ಲಾಂದ್ರೆ ಬೇಡ ಅಂದಾರು."

"ಬೇಡ ಅನ್ನಲ್ಲ. ಇರೋದು ಬರೀರಿ," ಎಂದರು ಮೇಷ್ಟ್ರು. "ಅಲ್ಲೀವರೆಗೆ ಒಂದು ಕೆಲಸ ಮಾಡಿ. ಬೇರೆ ಕೂರೋದು ಬೇಡ. ಹಾಲು ಕರೆಯೋವಾಗ ಹಣೆ ಹಸು ಹೊಟ್ಟೆಗೆ ಒರಗಿಸ್ತೀರಲ್ಲ, ಅದು ಉಸಿರಾಡೋದು ಗೊತ್ತಾಗುತ್ತೆ. ಅದರ ಜೊತೆ ನೀವೂ ಉಸಿರು ಬಿಡಿ. ಅದರಷ್ಟೇ ನಿಧಾನ."

ಅವಳು ಹಾಗೆ ಮಾಡಿದಳು. ಏನಾಯಿತು ಎಂದು ಯಾರಿಗೂ ಹೇಳಲಿಲ್ಲ. ಒಂದು ವಾರದ ಮೇಲೆ ಲೋಟದ ನೀರು ಅಲ್ಲಾಡುವುದು ಸ್ವಲ್ಪ ಕಡಿಮೆಯಾಗಿದೆ ಎಂದು ಮಗಳು ಗಮನಿಸಿದಳು.

ಶಿಬಿರದಿಂದ ಒಪ್ಪಿಗೆ ಬಂತು. ಏರ್ಪಾಡು ಹೀಗಾಯಿತು: ಬೆಳಿಗ್ಗೆ ಮಗಳು ಬಸ್ಸಿಗೆ ಮೊದಲು ಮೂರು ಹಸು ಕರೆಯುವುದು, ಯಜಮಾನ ಹತ್ತು ದಿನದ ಮಟ್ಟಿಗೆ ನಾಲ್ಕಕ್ಕೇ ಕೂತು ಎದ್ದು ಮೊಂಡಿಯನ್ನೂ ಇನ್ನೊಂದನ್ನೂ ಐದೂವರೆಗೆ ಕರೆದು ಕ್ಯಾನನ್ನು ಡೈರಿಗೆ ಮುಟ್ಟಿಸುವುದು. ಅವನು ಒಪ್ಪಿದ. ಹೊರಡುವ ಮುಂಚೆ ಸೊಸೆ ಮಗಳ ಕೈಗೆ ಸೀಮೆಸುಣ್ಣ ಕೊಟ್ಟು, "ದಿನಕ್ಕೊಂದು ಹೊಡೆದು ಹಾಕು" ಎಂದಳು.

*

ಮೊದಲ ದಿನ ಅವಳು ಎಲ್ಲರೂ ಧ್ಯಾನಕ್ಕೆ ಕೂತಲ್ಲಿ ಗೋಡೆಗೊರಗಿ ನಿದ್ದೆ ಹೋದಳು. ಯಾರೂ ಎಬ್ಬಿಸಲಿಲ್ಲ. ಎರಡನೆಯ ದಿನ ಐದಕ್ಕೆ ಎದ್ದವಳು ಸಗಣಿ ಬಾಚಲು ಸನಿಕೆ ಹುಡುಕಿದಳು. ಊಟಕ್ಕೆ ಕೂತರೆ ಬಡಿಸುವವರು ಬೇರೆ, ತಟ್ಟೆ ಎತ್ತುವವರು ಬೇರೆ. ಮೂರನೆಯ ದಿನ ಮಧ್ಯಾಹ್ನ ಊಟದ ನಂತರ ಮರದಡಿಯ ಕಲ್ಲಿನ ಮೇಲೆ ಕೂತಿದ್ದಾಗ, ತನ್ನ ಕೈಗಳು ತೊಡೆಯ ಮೇಲೆ ಏನೂ ಮಾಡದೆ ಬಿದ್ದಿರುವುದನ್ನು ನೋಡಿದಳು. ಅವು ನಡುಗುತ್ತಿರಲಿಲ್ಲ. ಆ ಹೊತ್ತಿಗೆ ಶಿಬಿರದ ಹೆಂಗಸು ಬಂದು, ಗೇಟಿನ ಹತ್ತಿರ ನಿಮ್ಮ ಯಜಮಾನರು ಬಂದಿದ್ದಾರೆ ಎಂದಳು.

ಯಜಮಾನ ಬಿಳಿ ಬಟ್ಟೆಯಲ್ಲಿ ನಿಂತಿದ್ದ. ಒಂದು ಗಂಟೆಯಾಗಿತ್ತು, ಮಾತಾಡುವ ಹೊತ್ತು.

"ಅಮ್ಮ ಕೊಟ್ಟಿಗೇಲಿ ಬಿದ್ಲು. ಮೊಂಡಿ ಒದ್ದು ಮಣಿಕಟ್ಟು ಮುರಿದಿದೆ. ಪಟ್ಟಿ ಹಾಕಿಸಿದೀನಿ, ಗಾಬರಿ ಬೇಡ. ನಾನು ಬಾ ಅಂತ ಬಂದಿಲ್ಲ. ಸತ್ಯ ಮುಚ್ಚಿಡಬಾರದು ಅಂತ ಹೇಳೋಕೆ ಬಂದೆ. ಇರೋದೋ ಬರೋದೋ ನಿಂಗೆ ಬಿಟ್ಟಿದ್ದು. ಸಮಾಧಾನವಾಗಿ ಯೋಚನೆ ಮಾಡು."

"ಅತ್ತೆ ಯಾಕೆ ಕೊಟ್ಟಿಗೆಗೆ ಹೋದ್ರು?"

"ನಾಲ್ಕಕ್ಕೆ ಕೂತ್ರೆ ತೂಕಡಿಕೆ ಬರುತ್ತೆ. ಇವತ್ತು ಐದಕ್ಕೇ ಕೂತೆ. ಅವಳು ಆತುರ ಮಾಡ್ಕೊಂಡ್ಲು."

ಅವಳು ಒಳಗೆ ಹೋಗಿ ಚೀಲ ತಂದಳು. ಬಸ್ಸಿನಲ್ಲಿ ಅವನು ಕಿಟಕಿಯ ಪಕ್ಕ ಕಣ್ಣು ಮುಚ್ಚಿ ಕೂತಿದ್ದ.

ಮನೆಯಲ್ಲಿ ಅತ್ತೆ ಹಾಸಿಗೆಯ ಮೇಲೆ ಬಿಳಿ ಕಟ್ಟಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದಳು. ಸೊಸೆಯನ್ನು ಕಂಡು ಮುಖ ತಿರುಗಿಸಿದಳು.

"ಯಾಕೆ ಬಂದೆ ನೀನು? ಹಾಳಾದ್ದು ನನ್ನ ಕೈ, ನಿನ್ನ ಕೈ ಅಲ್ವಲ್ಲ."

"ಹೇಗೆ ಬಿದ್ರಿ ಅತ್ತೆ?"

"ನಿನ್ನ ಮಗಳು ಬಸ್ಸಿಗೆ ಹೋದ್ಮೇಲೆ ಮೊಂಡಿ ಕೂಗಿ ಕೂಗಿ ಸಾಯ್ತಿದ್ಲು. ಕೈಗೆ ಹಿಡಿತ ಇದೆ ಅನ್ನೋ ಜಂಬ ನಂಗೆ, ಹೋಗಿ ಕೂತೆ. ಒದ್ದಳು. ಸಗಣಿ ಮೇಲೇ ಬಿದ್ದೆ. ಕೂಗ್ದೆ. ಗೋಡೆ ಆಚೆಗೇ ಅವನು ಇರೋದು. ಮೂರು ಸಲ ಕೂಗ್ದೆ, ಹೆಸರು ಹಿಡಿದು ಕೂಗ್ದೆ. ಅಲಾರಂ ಹೊಡೆದ ಮೇಲೆ ಬಂದ."

ಸೊಸೆ ಜಾರಿದ ದಿಂಬನ್ನು ಕಟ್ಟಿನ ಕೈಯ ಕೆಳಗೆ ಸರಿಪಡಿಸಿದಳು. ಅತ್ತೆ ಮುಂದುವರಿಸಿದಳು.

"ಬಂದು ಹೂವಿನ ಹಾಗೆ ಎತ್ಕೊಂಡ. ಅದಕ್ಕೇನೂ ಹೇಳಲ್ಲ ನಾನು. ವ್ಯಾನಿನ ಡ್ರೈವರು ಏನಾಯ್ತು ಏನಾಯ್ತು ಅಂತ ಕೇಳ್ತಾನೆ, ಇವನು ಬಾಯಿ ಬಿಡ್ಲಿಲ್ಲ. ಕೊನೆಗೆ ಡ್ರೈವರು ನನ್ನನ್ನ ಕೇಳ್ದ, ಪಾಪ ಹುಟ್ಟು ಮೂಗನಾ ಅಂತ. ಹೌದಪ್ಪಾ ಅಂದೆ."

ನಾಲ್ಕಕ್ಕೆ ಬಂದ ಮಗಳು ಅಂಗಳದಲ್ಲಿ ತಾಯಿಯ ಚಪ್ಪಲಿ ನೋಡಿ ಅಲ್ಲೇ ನಿಂತಳು. ಆಮೇಲೆ ಅಪ್ಪನ ಕೋಣೆಯ ಬಾಗಿಲಿಗೆ ಹೋದಳು.

"ಅಪ್ಪ, ಆಸ್ಪತ್ರೆಗೆ ನಾನು ಬಂದಾಗ್ಲೇ ಹೇಳಿದ್ನಲ್ಲ? ಒಂದು ವಾರ ರಜೆ ಹಾಕ್ತೀನಿ, ಅಮ್ಮನಿಗೆ ಹೇಳ್ಬೇಡ ಅಂತ. ನೀನು ತಲೆ ಆಡಿಸಿದ್ದೆ."

"ಆಗ ಹನ್ನೆರಡಾಗಿರ್ಲಿಲ್ಲ. ಒಪ್ಪಿದೆ ಅಂತ ತಲೆ ಆಡಿಸಲಿಲ್ಲ, ಕೇಳಿಸಿಕೊಂಡೆ ಅಂತ ಆಡಿಸ್ದೆ."

"ಮೊಂಡಿ ಮೊಲೆ ಬಾತಾಗ ಎಲ್ಲಿ ಹೋಗಿತ್ತಪ್ಪಾ ನಿನ್ನ ಸತ್ಯ?"

ಸೊಸೆ ಬಂದು ಮಗಳ ತೋಳು ಹಿಡಿದು ಎಳೆದುಕೊಂಡು ಹೋದಳು. ಸಂಜೆಯ ಹಾಲಿಗೆ ಹೊತ್ತಾಗಿತ್ತು. ಕೊಟ್ಟಿಗೆಯ ಬಾಗಿಲ ಹಿಂದೆ ಮೂರು ಗೆರೆಗಳ ಮೇಲೆ ಅಡ್ಡ ಗೀಟು ಬಿದ್ದಿತ್ತು. ಏಳು ಉಳಿದಿದ್ದವು.

*

ಅತ್ತೆಯ ಕಟ್ಟು ಬಿಚ್ಚಲು ಆರು ವಾರ ಎಂದಿದ್ದರು. ಅವಳಿಗೆ ತಲೆ ಬಾಚುವುದು, ಬಟ್ಟೆ ತೊಡಿಸುವುದು ಸೊಸೆಯ ಕೆಲಸಕ್ಕೆ ಸೇರಿತು. ಚಳಿ ಬಲಿತು ಹಸುಗಳ ಹಾಲು ಕಡಿಮೆಯಾಯಿತು. ಮೊಂಡಿ ಮೂರು ಮೊಲೆಯಲ್ಲಿ ಕೊಡುತ್ತಿತ್ತು. ಯಜಮಾನ ಈಗ ಅದರ ಹತ್ತಿರ ಬರುವುದನ್ನೂ ಬಿಟ್ಟಿದ್ದ. ಹಸು ತನ್ನನ್ನು ಕಂಡರೆ ಗಾಬರಿಯಾಗುತ್ತದೆ, ಅದಕ್ಕೆ ಹಿಂಸೆ ಕೊಡಬಾರದು ಎಂದ.

ಒಂದು ಬೆಳಿಗ್ಗೆ ಸೊಸೆ ಡೈರಿಯಿಂದ ಖಾಲಿ ಕ್ಯಾನು ತಳ್ಳಿಕೊಂಡು ಬಂದಾಗ ಅತ್ತೆಯ ಕೂಗು ಅಂಗಳಕ್ಕೇ ಕೇಳಿಸುತ್ತಿತ್ತು.

"ಏಯ್, ಏನೋ ಮಾಡ್ತಿದೀಯ? ನಿಲ್ಲಿಸೋ! ದಿನಾಂಕ ಇದಾವೋ ಅದರಲ್ಲಿ!"

ಯಜಮಾನ ಬಕೆಟ್ಟು ನೀರು, ಸೋಪು, ಬಟ್ಟೆ ಇಟ್ಟುಕೊಂಡು ಕೊಟ್ಟಿಗೆಯ ಬಾಗಿಲನ್ನು ತೊಳೆಯುತ್ತಿದ್ದ. ಮೇಲಿನಿಂದ ಕೆಳಗೆ, ಶ್ರದ್ಧೆಯಿಂದ, ಒಂದೊಂದು ಹಲಗೆಯನ್ನೂ ಉಜ್ಜಿ. ತಾಯಿಯ ಕಡೆ ತಿರುಗಿ ಮುಗುಳ್ನಗುತ್ತಿದ್ದ, ಮತ್ತೆ ಒರೆಸುತ್ತಿದ್ದ. ಒಂಬತ್ತು ಗಂಟೆ. ಸೊಸೆ ಹತ್ತಿರ ಬರುವಷ್ಟರಲ್ಲಿ ಕೊನೆಯ ಹಲಗೆಯೂ ಮುಗಿದಿತ್ತು. ಹಸುಗಳ ದಿನಾಂಕವಿಲ್ಲ, ಗೆರೆಗಳಿಲ್ಲ. ಒದ್ದೆ ಮರ ಬಿಸಿಲಿಗೆ ಹೊಳೆಯುತ್ತಿತ್ತು. ಅವನು ಎದೆಯ ಮೇಲೆ ಕೈಯಿಟ್ಟು, ಬಾಗಿಲನ್ನು ತೋರಿಸಿ, ಎರಡೂ ಒಂದೇ, ಎರಡನ್ನೂ ತೊಳೆದು ಚೊಕ್ಕ ಮಾಡಬೇಕು ಎನ್ನುವ ಹಾಗೆ ಸನ್ನೆ ಮಾಡಿದ. ಆಮೇಲೆ ಬಕೆಟ್ಟಿನ ಕೊಳೆ ನೀರನ್ನು ಚೆಲ್ಲಲು ಹೋದ.

ಸೊಸೆ ಕ್ಯಾನನ್ನು ಬೋರಲು ಹಾಕಿದಳು. ಹುಲ್ಲು ಕೊಯ್ಯುವ ಕುಡುಗೋಲನ್ನು ಸೂರಿನಿಂದ ಎಳೆದುಕೊಂಡಳು. ಅತ್ತೆ ಹೆದರಿ, "ಏ, ಏ ಹುಡುಗೀ" ಎಂದಳು.

"ಕೆಂಪಿಗೆ ಇಂಜೆಕ್ಷನ್ ಕೊಡಿಸಿದ್ದು ಯಾವತ್ತು ಅತ್ತೆ?"

ಮುದುಕಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಕಟ್ಟಿದ ಕೈಯನ್ನು ಇನ್ನೊಂದರಲ್ಲಿ ಹಿಡಿದುಕೊಂಡು ಕಲ್ಲಿನ ಮೇಲೆ ಕೂತು ಹೇಳತೊಡಗಿದಳು. ಕೆಂಪಿಯದು, ಬೊಟ್ಟುವಿನದು, ಅಕ್ಕತಂಗಿ ಹಸುಗಳೆರಡರದು, ಮೊಂಡಿಯದು. ಒಂದೂ ತಪ್ಪಲಿಲ್ಲ. ಸೊಸೆ ಕುಡುಗೋಲಿನ ಮೊನೆಯಿಂದ ಹಲಗೆಯನ್ನು ಕೊರೆದಳು. ಮರ ಹಳೆಯದು, ಗಟ್ಟಿ. ಒಂದು ಅಂಕಿಗೆ ಬಹಳ ಹೊತ್ತು ಹಿಡಿಯುತ್ತಿತ್ತು. ಸಿಬರು ಎದ್ದು ಬೆರಳು ಕೊಯ್ದಿತು. ಅವಳು ಬಿಡಲಿಲ್ಲ.

ಮೊಂಡಿಯ ಸಾಲು ಮುಗಿದ ಮೇಲೆ ಕುಡುಗೋಲು ಕೆಳಗಿಳಿಸಿದಳು.

"ಆಯ್ತಾ?" ಎಂದಳು ಅತ್ತೆ.

"ಆಯ್ತಲ್ಲ. ಐದೂ ಆಯ್ತು."

"ನಿಂದು?"

ಸೊಸೆ ಅವಳ ಮುಖ ನೋಡಿದಳು. ಅತ್ತೆ ಬೇರೆಲ್ಲೋ ನೋಡುತ್ತ, "ಏಳು. ನಾನು ಎಣಿಸಿಟ್ಟಿದೀನಿ" ಎಂದಳು. "ಆಳವಾಗಿ ಹಾಕು."

ಏಳನೆಯದು ಮುಗಿಯುವ ಹೊತ್ತಿಗೆ ಒಳಗೆ ಗಡಿಯಾರ ಹನ್ನೆರಡು ಹೊಡೆಯಿತು. ಯಜಮಾನ ಬಂದು ಅವರ ಹಿಂದೆ ನಿಂತ. ಬಾಗಿಲನ್ನು ಮೇಲಿನಿಂದ ಕೆಳಗೆ ನೋಡಿದ. ಅವನ ಮೂಗಿನ ಹೊಳ್ಳೆಗಳು ಅಗಲವಾದವು. ಹಳೆಯ ಮನುಷ್ಯ ಇನ್ನೇನು ಬಂದ ಎಂದು ಇಬ್ಬರು ಹೆಂಗಸರೂ ಮೈ ಬಿಗಿ ಹಿಡಿದರು. ಬರಲಿಲ್ಲ. ಉದ್ದಕ್ಕೆ ಉಸಿರು ಹೊರಗೆ ಬಂತು.

"ಒಳ್ಳೇ ಬಾಗಿಲು. ಗಾಯ ಮಾಡ್ಬಿಟ್ಟೆ," ಎಂದ.

"ಮಾಡ್ದೆ," ಎಂದು ಅವಳು ಕುಡುಗೋಲನ್ನು ಸೂರಿಗೆ ಸಿಕ್ಕಿಸಿ, ಬೆರಳನ್ನು ಸೆರಗಿಗೆ ಒತ್ತಿಕೊಂಡು ಊಟಕ್ಕಿಡಲು ಒಳಗೆ ಹೋದಳು.

ಶಿಬಿರ ಮತ್ತೆ ಬೇಸಿಗೆಯಲ್ಲಿ ನಡೆಯಿತು. ಆಗ ಬೊಟ್ಟು ಕರು ಹಾಕುವ ಹೊತ್ತು. ಮಳೆಗಾಲದಲ್ಲಿ ಇನ್ನೊಂದು ನಡೆಯಿತು. ಅದಕ್ಕೆ ಯಜಮಾನನನ್ನು ಹಳೆಯ ಸಾಧಕನೆಂದು ಸೇವೆಗೆ ಕರೆದರು, ಅವನು ಹೋದ. ಬಾಗಿಲ ಮೇಲಿನ ಏಳು ಗೆರೆಗಳಲ್ಲಿ ಒಂದಕ್ಕೂ ಅಡ್ಡ ಗೀಟು ಬೀಳಲಿಲ್ಲ. ಕೊಟ್ಟಿಗೆಗೆ ಬರುವಾಗ ಹೋಗುವಾಗ ಮೊಂಡಿ ಮಾತ್ರ ಅಲ್ಲಿ ನಿಂತು, ಮರ ತರಿಯಾಗಿದ್ದ ಆ ಜಾಗಕ್ಕೆ ಕೊರಳು ಉಜ್ಜಿಕೊಳ್ಳುತ್ತಿತ್ತು. ಅದರ ಮೈಯ ಜಿಡ್ಡು ಹಿಡಿದು ಗೆರೆಗಳು ದಿನೇ ದಿನೇ ಕಪ್ಪಾಗುತ್ತ, ದೂರಕ್ಕೂ ಕಾಣುವಂತಾದವು.